ಮೌಶಿಯ ಓಡೂ ರೊಕ್ಕ

ಕಳೆದ ವಾರ ನಾಗಪುರದ ಸದರ್‌ನ ಒಂದು ಅಂಗಡಿಯಲ್ಲಿ ಬ್ಯಾಗಿನ ಜಿಪ್ ಸರಿ ಮಾಡಿಸಲು ನಿಂತಿದ್ದೆ. ಅಂಗಡಿಯವನು ಹೊಲಿಗೆ ಯಂತ್ರಕ್ಕೆ ನಾಲ್ಕು ಹನಿ ಎಣ್ಣೆ ಬಿಟ್ಟು ಚಕ್ರ ತಿರುಗಿಸಿದ. ಆ ವಾಸನೆ ಬಂದದ್ದೇ ನನಗೆ ಒಳಗೆ ನಿಲ್ಲಲಾಗಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ. ಕೆಳಗಿನ ಮನೆಯ ಮೌಶಿ ಬಾಗಿಲು ತೆರೆದರೆ ಇದೇ ವಾಸನೆ ಬರುತ್ತಿತ್ತು…

ಲಕ್ಷ್ಮೀ ನಗರದ ಆ ಕಟ್ಟಡದಲ್ಲಿ ನಾವು ಮೇಲೆ, ಅವರು ಕೆಳಗೆ. ವಿಜಯಪುರದ ಕಡೆಯವರು, ನಾಗಪುರಕ್ಕೆ ಬಂದು ಮೂವತ್ತು ವರ್ಷ ದಾಟಿತ್ತು. ಸೀರೆಗೆ ಫಾಲ್ ಹಚ್ಚಿ, ಪಿಕೋ ಮಾಡಿಕೊಡುತ್ತಿದ್ದರು. ಇಲ್ಲಿಯ ರೂಢಿಯಂತೆ ಅವರನ್ನು ಮೌಶಿ, ಅಂದರೆ ಚಿಕ್ಕಮ್ಮ, ಅವರ ಯಜಮಾನರನ್ನು ಕಾಕಾ ಎನ್ನುತ್ತಿದ್ದೆ. ಇತವಾರಿಯ ಬಟ್ಟೆ ಮಳಿಗೆಯೊಂದರಲ್ಲಿ ಗುಮಾಸ್ತರಾಗಿದ್ದವರು, ಆಗ ಕೆಲಸ ಬಿಟ್ಟು ಮನೆಯಲ್ಲಿದ್ದರು. ನಾನು ಗಂಡನ ಕೆಲಸದ ಹಿಂದೆ ಮೈಸೂರಿನಿಂದ ಬಂದು ಎರಡು ವರ್ಷವಾಗಿತ್ತು. ತರಕಾರಿ ಗಾಡಿಯ ಮುಂದೆ ನಿಲ್ಲಿಸಿ ನನಗೆ ಮರಾಠಿ ಕಲಿಸಿದವರು ಮೌಶಿಯೇ. "ನಮ್ಮ ಮೈಸೂರ ಹುಡುಗಿ ಮರಾಠಿ ಮಾತಾಡೂದು ನೀ ಕೇಳಬೇಕು, ಇಲ್ಲೇ ಹುಟ್ಟಿದಾಕಿ ಹಂಗ" ಎಂದು ಫೋನಿನಲ್ಲಿ ತಂಗಿಗೆ ಹೇಳುತ್ತಿದ್ದರು. ಅಷ್ಟೇನೂ ಬರುತ್ತಿರಲಿಲ್ಲ ನನಗೆ. ಆದರೆ ಅಲ್ಲಗಳೆಯಲೂ ಇಲ್ಲ.

ಕಾಕಾಗೆ ಅದಾಗಲೇ ಒಂದು ಸ್ಟೆಂಟ್ ಹಾಕಿದ್ದರು. ಇನ್ನೊಮ್ಮೆ ಎದೆನೋವು ಬಂದರೆ ಒಂದು ಗಳಿಗೆಯೂ ತಡಮಾಡಬೇಡಿ ಎಂದು ಡಾಕ್ಟರು ಎಚ್ಚರಿಸಿದ್ದರು. ಅಂದಿನಿಂದ ಮೌಶಿ ಹಣ ಕೂಡಿಸತೊಡಗಿದರು. ಅದಕ್ಕೆ ಅವರು ಇಟ್ಟ ಹೆಸರು ಓಡೂ ರೊಕ್ಕ. "ನಾವು ದವಾಖಾನಿಗೆ ಓಡೂ ಮುಂದ ನಮ್ಮ ಸಂಗಾಟ ಅದೂ ಓಡಬೇಕವಾ" ಎನ್ನುತ್ತಿದ್ದರು.

ಆ ಹಣ ಎಲ್ಲಿಡುವುದು ಎಂಬ ಮಾತು ಬಂತು. ಬ್ಯಾಂಕಿನ ಸಾದಾ ಉಳಿತಾಯ ಖಾತೆಯಲ್ಲಿ ಬಡ್ಡಿ ಕಡಿಮೆ, ಆದರೆ ಕಾರ್ಡು ಹಾಕಿದರೆ ಯಾವ ಹೊತ್ತಿಗೂ ಹಣ ಕೈಗೆ. ನಮ್ಮ ಓಣಿಯ ತುದಿಯಲ್ಲಿದ್ದ ಪತ್ತಿನ ಸಂಘದ ಠೇವಣಿಯಲ್ಲಿ ಬಡ್ಡಿ ಸುಮಾರು ಎರಡರಷ್ಟು. ಮೌಶಿಯ ಮನಸ್ಸು ಸಾದಾ ಖಾತೆಯ ಕಡೆಗೇ ಇತ್ತು. "ಸುಮ್ಮನೆ ಬಡ್ಡಿ ಯಾಕೆ ಬಿಡ್ತೀರಾ ಮೌಶಿ?" ಎಂದವಳು ನಾನು. ಅವರ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಅವರೇ ಕೊಟ್ಟ ಚಹಾ ಕುಡಿಯುತ್ತಾ ಹೇಳಿದೆ.

ಕಾಕಾರನ್ನು ಒಬ್ಬರನ್ನೇ ಬಿಟ್ಟು ಹೋಗಲು ಮೌಶಿಗೆ ಧೈರ್ಯವಿರಲಿಲ್ಲ. "ನೀನ ಹೋಗಿ ಕೇಳಿ ಬಾ. ಒಂದ ಮಾತು ಕೇಳು. ಮುರಿದ್ರ ಎಷ್ಟೊತ್ತಿಗೆ ಕೈಗೆ ಬರತೈತಿ? ಬಡ್ಡಿ-ಗಿಡ್ಡಿ ಎಲ್ಲಾ ಆಮ್ಯಾಲ."

ಸಂಘದಲ್ಲಿ ಜನವಿತ್ತು, ಫ್ಯಾನು ಸದ್ದು ಮಾಡುತ್ತಿತ್ತು. ನಾನು ನನ್ನ ಮರಾಠಿಯಲ್ಲಿ ಕೇಳಿದೆ. ಗುಮಾಸ್ತ ಕಾಗದಗಳ ಮೇಲೆ ಮುದ್ರೆ ಒತ್ತುತ್ತಲೇ, "ಪರವಾ ಮಿಳೂನ್ ಜಾಯೀಲ್ ಮ್ಯಾಡಮ್" ಎಂದ. ಪರವಾಗಿಲ್ಲ, ಸಿಕ್ಕಿಬಿಡುತ್ತದೆ: ನನ್ನ ಕಿವಿಗೆ ಬಿದ್ದದ್ದು ಹೀಗೆ. ಆ ಗುಮಾಸ್ತನಿಗೆ ನಕ್ಕು ಧನ್ಯವಾದವನ್ನೂ ಹೇಳಿ ಬಂದೆ.

"ತಾಬಡತೋಬ ಕೊಡತಾರಂತೇನು?" ಎಂದರು ಮೌಶಿ, ಸೂಜಿಯಿಂದ ಕಣ್ಣೆತ್ತಿ.

"ತಕ್ಷಣ ಸಿಗುತ್ತಂತೆ. ಏನೂ ಪರವಾಗಿಲ್ಲ ಅಂದ್ರು."

"ಅವರ ಬಾಯಿಲೇ ಹಂಗ ಅಂದ್ರು?"

"ಹೂಂ ಮೌಶಿ."

ಎರಡನೆಯ ಸಲ ಅವರು ಕೇಳಿದ್ದು ನನಗೆ ಈಗಲೂ ಕೇಳಿಸುತ್ತದೆ. ಆಗ ಮಾತ್ರ, ಹಳೆಯ ಕಾಲದವರ ಅನುಮಾನ ಎಂದುಕೊಂಡೆ.

ಆ ವಾರವೇ ಹಣ ಸಂಘದ ಠೇವಣಿಗೆ ಹೋಯಿತು. ಏಳು ತಿಂಗಳು ಏನೂ ಆಗಲಿಲ್ಲ. ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕಾಕಾ ಬಟಾಣಿ ಬಿಡಿಸುತ್ತಿದ್ದವರು ಕೈ ನಿಲ್ಲಿಸಿ, ಗೋಡೆಗೆ ಒರಗಿದರು. ಆಟೋದಲ್ಲಿ ಮೌಶಿ ಅವರ ಅಂಗೈ ತಿಕ್ಕುತ್ತಾ, "ಓಡೂ ರೊಕ್ಕ ಐತಿ, ನೀವು ಚಿಂತಿ ಮಾಡಬ್ಯಾಡ್ರಿ" ಎನ್ನುತ್ತಲೇ ಇದ್ದರು. ಆಸ್ಪತ್ರೆಯವರು ಕೂಡಲೇ ಔಷಧ ಶುರು ಮಾಡಿದರು. ಮುಂದಿನ ಚಿಕಿತ್ಸೆಗೆ ಮುಂಗಡ ಕಟ್ಟಬೇಕಿತ್ತು. ನಾವಿಬ್ಬರೂ ಸಂಘಕ್ಕೆ ಓಡಿದೆವು.

ಅದೇ ಗುಮಾಸ್ತ. ಠೇವಣಿ ಪತ್ರ ನೋಡಿ, "ಪರವಾ" ಎಂದ. ಹಣ ಇತವಾರಿಯ ಮುಖ್ಯ ಕಚೇರಿಯಿಂದ ಬರಬೇಕು. ನನ್ನತ್ತ ಕೈ ತೋರಿಸಿ, ಮ್ಯಾಡಮ್‌ಗೆ ಅಂದೇ ಹೇಳಿದ್ದೆನಲ್ಲ, ಪರವಾ ಅಂತ, ಎಂದ.

ಮರಾಠಿಯಲ್ಲಿ ಪರವಾ ಎಂದರೆ ನಾಡಿದ್ದು.

ಮೌಶಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಎರಡೂ ಭಾಷೆ ಅವರವೇ. ನನ್ನ ಮುಖ ನೋಡಿದರು. ಬೈಯಲಿಲ್ಲ. "ಹುಡುಗಿ ಮರಾಠಿ ಚಲೋ ಕಲತಾಳ ಅಂತ ನಾನ ಎಲ್ಲಾರಿಗೂ ಹೇಳಿಕೋತ ಅಡ್ಡಾಡೀನಲ್ಲವಾ…" ಎಂದು ಮೆಲ್ಲಗೆ ಹೇಳಿ, ಕಂಬಿ ಹಿಡಿದು ಮೆಟ್ಟಿಲು ಇಳಿದರು.

ನನ್ನ ಕಾರ್ಡಿನಲ್ಲಿದ್ದದ್ದು ಅರ್ಧಕ್ಕೂ ಸಾಲದು. ಗಂಡ ಮೀಟಿಂಗಿನಲ್ಲಿದ್ದರು, ಫೋನು ಎತ್ತಲಿಲ್ಲ. ಅಕ್ಕಪಕ್ಕದವರು ಸೇರಿಸಿ, ಕೊನೆಗೆ ಇವರೂ ಕಳಿಸಿ, ಹಣ ಕಟ್ಟುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ಕಾಕಾ ಮರುದಿನ ಬೆಳಿಗ್ಗೆ ಹೋದರು. ಆ ಎರಡು ಗಂಟೆಯಿಂದ ಹೀಗಾಯಿತೇ ಎಂದು ಡಾಕ್ಟರನ್ನು ನಾನು ಕೇಳಲಿಲ್ಲ. ಕೇಳುವ ಅವಕಾಶ ಮೂರು ಸಲ ಸಿಕ್ಕಿತ್ತು. ಗುರುವಾರ, ಗುಮಾಸ್ತ ಹೇಳಿದ ದಿನಕ್ಕೇ, ಹಣ ಬಂತು. ಆ ಮನೆಯಲ್ಲಿ ಅಂದು ಒಲೆ ಹಚ್ಚಿರಲಿಲ್ಲ.

ಮಾತಾಡಿಸಲು ಬಂದವರಿಗೆಲ್ಲ ಮೌಶಿ ಒಂದೇ ಮಾತು ಹೇಳಿದರು: "ಸಂಘದವರು ತಡಾ ಮಾಡಿದ್ರು." ನನ್ನ ಗಂಡನಿಗೂ ಹಾಗೇ ಹೇಳಿದರು. ನಾನು ಅಲ್ಲೇ ನೀರಿನ ಲೋಟ ಹಿಡಿದು ನಿಂತಿದ್ದೆ. ಅವರು ನನ್ನ ಕಡೆ ನೋಡಲೂ ಇಲ್ಲ.

ತಿಂಗಳ ಮೇಲೆ ಬ್ಯಾಂಕಿನಲ್ಲಿ ಸಾದಾ ಖಾತೆ ತೆಗೆಯಲು ಹೊರಟರು. ಜೊತೆಗೆ ನನ್ನನ್ನೂ ಕರೆದರು. ಬಾಗಿಲ ಹತ್ತಿರ ನಿಂತು, "ನೀ ಇಲ್ಲೇ ಕುಂಡ್ರವಾ, ನಾ ಕೇಳಿ ಬರತೀನಿ" ಎಂದು ಹೊರಗಿನ ಬೆಂಚು ತೋರಿಸಿದರು. ಗಾಜಿನಾಚೆ ಅವರು ಕೌಂಟರಿಗೆ ಬಾಗಿ ಕೇಳುವುದು, ಕಿವಿಯನ್ನು ಇನ್ನಷ್ಟು ಮುಂದೆ ತರುವುದು, ಮತ್ತೆ ಕೇಳುವುದು ಕಾಣುತ್ತಿತ್ತು. ಮನೆಗೆ ಬರುವ ದಾರಿಯಲ್ಲಿ ಬದನೆಕಾಯಿ ತುಟ್ಟಿಯಾದದ್ದರ ಬಗ್ಗೆ ಮಾತಾಡಿದೆವು. ಆ ವರ್ಷವೇ ಅವರು ತಂಗಿಯ ಊರಿಗೆ ಹೋಗಿಬಿಟ್ಟರು. ಹಬ್ಬಕ್ಕೊಮ್ಮೆ ಫೋನು ಬರುತ್ತಿತ್ತು. ಹೋದ ಚಳಿಗಾಲದಲ್ಲಿ ಅವರ ನಂಬರಿನಿಂದ ತಂಗಿ ಮಾತಾಡಿದರು. ಅಕ್ಕ ಹೋದಳು ಎಂದರು…

ಹಾಗಾಗಿ ಆ ಒಂದು ಪದದ ವಿಷಯ ಈ ಊರಿನಲ್ಲಿ ಬಲ್ಲವಳು ನಾನೊಬ್ಬಳೇ ಉಳಿದೆ. ಆ ಗುಮಾಸ್ತ ಎಂದೋ ಮರೆತಿರುತ್ತಾನೆ.

ನಿನ್ನೆ ಇವರು ಮೊಬೈಲ್ ಹಿಡಿದು ನನ್ನ ಪಕ್ಕ ಕುಳಿತರು. ನಮ್ಮದೂ ಒಂದು ತುರ್ತು ನಿಧಿ ಇರಲಿ ಎಂದು ಬಹಳ ದಿನದಿಂದ ಅಂದುಕೊಂಡಿದ್ದೆವು. "ಇದರಲ್ಲಿ ಬಡ್ಡಿ ಜಾಸ್ತಿ. ತೆಗೆಯೋಕೆ ಎರಡು ದಿನ ಹಿಡಿಯುತ್ತೆ, ಅಷ್ಟೇ" ಎಂದರು. ಸಾದಾ ಉಳಿತಾಯ ಖಾತೆಯೇ ಸಾಕು ಎಂದೆ.

"ಇನ್ನೂ ಆ ಸಂಘದವರನ್ನೇ ನೆನೆಸಿಕೊಂಡು ಹೆದರ್ತೀಯಾ?" ಎಂದು ನಕ್ಕರು. "ಪಾಪ ಮೌಶಿ. ಎಂಥಾ ಜನ ಅವರು, ಆ ಹೊತ್ತಿನಲ್ಲಿ ತಡ ಮಾಡಿಬಿಟ್ಟರಲ್ಲ."

"ಅವರು ತಡ ಮಾಡಲಿಲ್ಲ" ಎಂದೆ.

ಇವರು ಮೊಬೈಲನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು.