ಮೇಲ್‌ಗೆ ಅಡ್ಡ ಬಂದ ಅದೃಷ್ಟದ ‘ಎ’

ತಾಳಿ, ಇದನ್ನು ಪೂರ್ತಿ ಓದಿ ಆಮೇಲೆ ನಗಿ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ಬೋಲ್ಟ್ ತಯಾರಿಸುವ ಶೆಡ್ಡಿನ ಮಾಲೀಕರು ಬೆಳಿಗ್ಗೆ ಬೆಳಿಗ್ಗೆಯೇ ನನ್ನನ್ನು ಹಿಡಿದು ಕಂಪ್ಯೂಟರ್ ಮುಂದೆ ಕೂರಿಸಿದರು. ವಿಡಿಯೊ ನೋಡಿ ಕಲಿತ ನಾನೇ ಆ ಬೀದಿಗೆಲ್ಲ ಕಂಪ್ಯೂಟರ್ ಡಾಕ್ಟರ್. ಅವರ ಆಫೀಸ್ ಸಾಫ್ಟ್‌ವೇರ್‌ನಿಂದ ಒಂದೂ ಮೇಲ್ ಹೊರಗೆ ಹೋಗುತ್ತಿರಲಿಲ್ಲ. ಹನ್ನೆರಡರೊಳಗೆ ಬೋಲ್ಟುಗಳ ಟೆಸ್ಟ್ ರಿಪೋರ್ಟ್ ತಲುಪದಿದ್ದರೆ, ಪುಣೆಯ ಕಾರ್ಖಾನೆ ಗೇಟಿನಲ್ಲಿ ನಿಂತಿದ್ದ ಅವರ ಲಾರಿ ಲೋಡ್ ಸಮೇತ ವಾಪಸ್.

ಪಾಸ್‌ವರ್ಡ್ ಬದಲಾಯಿಸಿದೆ, ಸೆಟ್ಟಿಂಗ್ಸ್ ಎಲ್ಲ ತಿರುವಿ ಹಾಕಿದೆ, ಮೋಡೆಮ್ಮನ್ನೂ ಆಫ್ ಮಾಡಿ ಆನ್ ಮಾಡಿದೆ. ಹನ್ನೊಂದೂವರೆಗೆ ಬೇರೆ ದಾರಿ ಕಾಣದೆ, ಅಲ್ಲೇ ಕೆಂಪಕ್ಷರದಲ್ಲಿದ್ದ ಎರರ್ ಓದಿದೆ: ಕಳಿಸುವವರ ವಿಳಾಸ ಈ ಖಾತೆಯದ್ದಲ್ಲ! ನೋಡಿದರೆ ವಿಳಾಸದಲ್ಲಿ ಒಂದು ‘ಎ’ ಹೆಚ್ಚಿಗಿತ್ತು.

“ಸಾರ್, ಇದನ್ನ ಯಾರು ಸೇರ್ಸಿದ್ದು?”

“ನಾನೇ ಕಣಪ್ಪ, ಮೊನ್ನೆ. ಕಂಪ್ನಿ ಹೆಸರಲ್ಲಿ ಒಂದ್ ‘ಎ’ ಜಾಸ್ತಿ ಹಾಕ್ಕೊಂಡ್ರೆ ಆರ್ಡರ್ ಮೇಲೆ ಆರ್ಡರ್ ಬರತ್ತೆ ಅಂತ ನ್ಯೂಮರಾಲಜಿಯವ್ರು ಹೇಳಿದ್ರು. ಬೋರ್ಡಲ್ಲೂ ಹಾಕ್ಸಿದೀನಿ.”

ಬೋರ್ಡನ್ನು ಯಾರೂ ಪರೀಕ್ಷಿಸುವುದಿಲ್ಲ, ಮೇಲ್ ಸರ್ವರ್ ಬಿಡುವುದಿಲ್ಲ. ‘ಎ’ ಅಳಿಸಿದೆ, ರಿಪೋರ್ಟ್ ಹೋಯಿತು. ಲಾರಿ ಒಳಗೆ ಬಿಟ್ಟರೆಂದು ಡ್ರೈವರ್ ಫೋನ್ ಮಾಡಿದ. ಮಾಲೀಕರು ನನ್ನ ಬೆನ್ನು ತಟ್ಟಿ ಹೇಳಿದರು: “ನೋಡ್ದಾ, ಬೋರ್ಡಲ್ಲಿರೋ ‘ಎ’ ಕೈ ಬಿಡ್ಲಿಲ್ಲ!”

ಅಂದಿನಿಂದ ನಾನು ಮೊದಲು ಎರರ್ ಓದುತ್ತೇನೆ, ಆಮೇಲೆ ಮಾಲೀಕರ ಬೆರಳಿನ ಅದೃಷ್ಟದ ಉಂಗುರ ಎಣಿಸುತ್ತೇನೆ. ನಿಮ್ಮ ಆಫೀಸಿನ ಮೇಲ್‌ಗೂ ಇಂಥ ಗ್ರಹಚಾರ ಬಡಿದಿದ್ದರೆ ಬರೆದು ಕಳಿಸಿ. ಕಳಿಸುವ ಮುನ್ನ ವಿಳಾಸದ ಅಕ್ಷರ ಮಾತ್ರ ಎಣಿಸಿಕೊಳ್ಳಿ.