ಭಾವನ ನೈಸರ್ಗಿಕ ಮುಲಾಮು

ನನ್ನ ಅಕ್ಕನ ಗಂಡ ಎದುರಿಗೆ ಸಿಕ್ಕಾಗ ‘ಬನ್ನಿ ಭಾವ, ಕೂತ್ಕೊಳ್ಳಿ ಭಾವ’ ಎಂದು ಬಹುವಚನದಲ್ಲೇ ಮಾತಾಡಿಸುತ್ತೇನೆ. ಬರೆಯುವಾಗ ಆ ಶ್ರಮ ತೆಗೆದುಕೊಳ್ಳುವ ಮನಸ್ಸಿಲ್ಲ.

ಭಾವನದು ಫೋಟೋಗಳಿಗೆ ಕಟ್ಟು ಹಾಕಿಕೊಡುವ ಅಂಗಡಿ. ಅಕ್ಕ-ಭಾವ ಇರುವ ಮೂರು ಮಹಡಿಯ ಕಟ್ಟಡದ ನೆಲಮಟ್ಟದಲ್ಲೇ, ಮೆಟ್ಟಿಲಿನ ಪಕ್ಕದಲ್ಲಿದೆ. ಗಾಜು ಕೊಯ್ಯುವಾಗ ಅವನ ಕೈ ನಡುಗುವುದಿಲ್ಲ. ಅವನು ಕೂಡಿಸಿದ ಮೂಲೆಯಲ್ಲಿ ಕೂದಲೆಳೆಯೂ ತೂರುವುದಿಲ್ಲ. ಬರುವುದು ಅದೊಂದೇ. ಮಿಕ್ಕಿದ್ದೆಲ್ಲ ಬಾಯಿ.

ಅಕ್ಕ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾಳೆ. ದಿನಕ್ಕೆ ಎಂಟು ಗಂಟೆ ಸೋಪು, ಬ್ಲೀಚು, ಬಿಸಿ ಹಬೆ. ಅವಳ ಬೆರಳುಗಳು ಸೀಳು ಬಿಟ್ಟು, ಅನ್ನ ಕಲಸುವಾಗ ಉಪ್ಪು ತಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಹಿರಿಯ ಹೆಂಗಸೊಬ್ಬಳು ಅವಳಿಗೆ ಮುಲಾಮು ಮಾಡುವುದನ್ನು ಕಲಿಸಿಕೊಟ್ಟಳು. ಒಂದು ಪಾಲು ಜೇನುಮೇಣ, ನಾಲ್ಕು ಪಾಲು ಕೊಬ್ಬರಿ ಎಣ್ಣೆ, ಅಷ್ಟೇ. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಚಿಕ್ಕ ಪಾತ್ರೆಯಿಟ್ಟು ಮೇಣ ಕರಗಿಸಿ ಎಣ್ಣೆ ಬೆರೆಸಬೇಕು. ತಣ್ಣನೆಯ ಚಮಚದ ಮೇಲೆ ಒಂದು ಹನಿ ಬಿಟ್ಟು ನೋಡಬೇಕು: ಕಲ್ಲಾದರೆ ಇನ್ನಷ್ಟು ಎಣ್ಣೆ, ಜಾರಿದರೆ ಇನ್ನಷ್ಟು ಮೇಣ. ಪಾತ್ರೆ, ಚಮಚ, ಡಬ್ಬಿ ಯಾವುದರಲ್ಲೂ ನೀರಿನ ಪಸೆ ಇರಬಾರದು. ಅಕ್ಕ ಭಾನುವಾರ ಬೆಳಿಗ್ಗೆ ಇದನ್ನು ಮಾಡಿ, ಲಾಂಡ್ರಿಯ ಹೆಂಗಸರಿಗೆಲ್ಲ ಹಂಚುತ್ತಿದ್ದಳು. ಎರಡು ವಾರದಲ್ಲಿ ಸೀಳು ಕೂಡಿಕೊಂಡವು.

ಇಷ್ಟು ದಿನ ಆ ಬೆರಳುಗಳನ್ನು ಕಣ್ಣೆತ್ತಿ ನೋಡದ ಭಾವ, ವಾಸಿಯಾದ ಮೇಲೆ ನೋಡಿದ. ಲಾಂಡ್ರಿಯ ಹೆಂಗಸರಿಬ್ಬರು ಡಬ್ಬಿ ಕೇಳಿಕೊಂಡು ಅಂಗಡಿಗೇ ಬಂದಾಗ, ಇದನ್ನು ಮಾರಬಹುದೆಂದು ಅವನಿಗೆ ಜ್ಞಾನೋದಯವಾಯಿತು. ಎಲ್ಲೋ ಎರಡು ದಿನದ ‘ಪ್ರಕೃತಿ ಚರ್ಮ ರಕ್ಷಣೆ’ ಶಿಬಿರಕ್ಕೆ ಹೋಗಿ ಒಂದು ಪ್ರಮಾಣಪತ್ರ ತಂದ. ಎರಡನೆಯ ದಿನ ಊಟವಾದ ಮೇಲೆ ನಿದ್ದೆ ಮಾಡಿದೆನೆಂದು ಅವನೇ ನಗುತ್ತಾ ಹೇಳಿದ್ದ. ಅಂಗಡಿಯಲ್ಲಿದ್ದ ಅತಿ ದಪ್ಪದ ಚಿನ್ನದ ಬಣ್ಣದ ಕಟ್ಟನ್ನು ಅದಕ್ಕೆ ಹಾಕಿ ಗೋಡೆಗೆ ತೂಗುಹಾಕಿದ. ಗಿರಾಕಿಗಳ ಮದುವೆ ಫೋಟೋಗಳು ಮೂಲೆಗೆ ಸರಿದವು.

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಆ ಮನೆಯಲ್ಲಿ ಕೆಸರು ಅಕ್ಕನ ಕೈಗೆ, ಮೊಸರು ಭಾವನ ಬಾಯಿಗೆ. ಅವಳು ಒಲೆಯ ಮುಂದೆ ಬೇಯುತ್ತಿದ್ದಳು. ಅವನು ಅಂಗಡಿಯ ಬಾಗಿಲಲ್ಲಿ ನಿಂತು, “ನೋಡಿ, ಪ್ರಕೃತೀಲಿರೋದು ಯಾವುದೂ ಮನುಷ್ಯನಿಗೆ ಕೇಡು ಮಾಡಲ್ಲ” ಎನ್ನುತ್ತಿದ್ದ.

“ಹಾವಿನ ವಿಷ ಯಾವ ಫ್ಯಾಕ್ಟರೀಲಿ ಮಾಡ್ತಾರೆ ಭಾವ?” ಎಂದು ಒಮ್ಮೆ ಕೇಳಿದೆ.

“ನಿಂಗೆ ತಮಾಷೆ. ಓದಿದ್ದು ಜಾಸ್ತಿ ಆಯ್ತು” ಎಂದ.

ಎರಡೇ ಪದಾರ್ಥದ ಮುಲಾಮು ಅವನ ಘನತೆಗೆ ಸಾಲದಾಯಿತು. ಮೊದಲು ಲೋಳೆಸರ ಹಾಕಿದ. ಹತ್ತು ದಿನಕ್ಕೆ ಡಬ್ಬಿಗಳಲ್ಲಿ ಹಸಿರು ಬೂಷ್ಟು ಬಂತು. ನೀರಿರುವ ವಸ್ತು ಸೇರಿಸಿದರೆ ಕೆಡುತ್ತದೆಂದು ಅಕ್ಕ ಮೊದಲೇ ಬಡಕೊಂಡಿದ್ದಳು. ಅವನು ಬೂಷ್ಟನ್ನು ಚಮಚದಲ್ಲಿ ಕೆರೆದು ತೆಗೆದು ಮತ್ತೆ ಮುಚ್ಚಳ ಹಾಕಲು ಹೊರಟಾಗ, ಅವಳು ಅಷ್ಟೂ ಡಬ್ಬಿಗಳನ್ನು ಕಸಕ್ಕೆ ಸುರಿದಳು. ಆಮೇಲೆ ದಾಲ್ಚಿನ್ನಿ ಪುಡಿ ಬಂತು, ಹಚ್ಚಿಕೊಂಡವರಿಗೆ ಉರಿ. “ಉರಿ ಅಂದ್ರೆ ಕೆಲಸ ಮಾಡ್ತಿದೆ ಅಂತ” ಎಂದ. ಕೊನೆಗೆ ಬಂದದ್ದು ನಿಂಬೆ. ಅಕ್ಕ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಮುಲಾಮನ್ನು ಮತ್ತೆ ಕರಗಿಸಿ, ಧಾರಾಳವಾಗಿ ನಿಂಬೆರಸ ಹಿಂಡಿ, ಸಿಪ್ಪೆಯನ್ನೂ ತುರಿದು ಹಾಕಿದ. ಚೀಟಿಯ ಮೇಲೆ ‘ಮುಖಕಾಂತಿಗೆ’ ಎಂದು ಬರೆದ.

ಮೊದಲ ಮಹಡಿಯ ಟೀಚರಮ್ಮ ಅದನ್ನು ಕೊಂಡರು. ಮರುದಿನ ಶಾಲೆಯಲ್ಲಿ ಆಟೋಟ ಸ್ಪರ್ಧೆ. ಕೆನ್ನೆಗೆ ಚೆನ್ನಾಗಿ ಹಚ್ಚಿಕೊಂಡು, ಸೀಟಿ ಊದುತ್ತಾ ದಿನವಿಡೀ ಬಿಸಿಲಲ್ಲಿ ನಿಂತರು. ಎರಡು ದಿನದಲ್ಲಿ ಕೆನ್ನೆಗಳ ಮೇಲೆ ಬೊಬ್ಬೆಗಳೆದ್ದವು. ಬೊಬ್ಬೆ ಒಡೆದ ಜಾಗ ಕಂದುಬಣ್ಣಕ್ಕೆ ತಿರುಗಿತು, ಯಾರೋ ಕಪಾಳಕ್ಕೆ ಹೊಡೆದು ಕೈಗುರುತು ಬಿಟ್ಟ ಹಾಗೆ.

ಅವರು ಅಂಗಡಿಗೆ ಬಂದಾಗ ನಾನು ಅಲ್ಲೇ ಇದ್ದೆ. ಅಕ್ಕ ಆಗತಾನೆ ಕೆಲಸ ಮುಗಿಸಿ ಬಂದಿದ್ದಳು.

ಭಾವ ಕನ್ನಡಕ ಏರಿಸಿ ಕೆನ್ನೆಯನ್ನು ಪರೀಕ್ಷಿಸಿದ. “ಗಾಬರಿ ಬೇಡ ಟೀಚರಮ್ಮ. ಒಳಗಿನ ವಿಷ ಹೊರಗೆ ಬರ್ತಾ ಇದೆ. ಇನ್ನೂ ಹದಿನೈದು ದಿನ ಹಚ್ಚಿ.”

ಒಬ್ಬ ಮನುಷ್ಯನ ಬಗ್ಗೆ ನನಗಿದ್ದ ಅಸಡ್ಡೆ ಹೇಸಿಗೆಯಾಗಿ ತಿರುಗಿದ ಕ್ಷಣ ಅದು.

ಅಕ್ಕ ಟೀಚರಮ್ಮನ ಕೈಯಲ್ಲಿದ್ದ ಡಬ್ಬಿ ತೆಗೆದುಕೊಂಡು ಮೂಸಿದಳು. “ನಿಂಬೆ ಹಾಕಿದೀರಾ?”

“ಒಂದೆರಡು ಹನಿ.”

“ಹಾಗಾದ್ರೆ ನೀವು ಹಚ್ಕೊಳ್ಳಿ. ಎರಡೂ ಕೆನ್ನೆಗೆ. ಒಂದು ಗಂಟೆ ತಾರಸಿ ಮೇಲೆ ನಿಂತ್ಕೊಂಡು ಬನ್ನಿ.”

“ನಂದು ಬೇರೆ ಥರದ ಚರ್ಮ ಕಣೇ.”

“ಅದಕ್ಕೇ ಕಾಲಿನ ಕಜ್ಜಿಗೆ ಮೆಡಿಕಲ್ ಶಾಪಿನ ಟ್ಯೂಬ್ ಹಚ್ಚೋದಾ? ಆ ಡ್ರಾಯರಲ್ಲಿದೆ, ತೋರಿಸ್ಲಾ?”

ಭಾವ ಡ್ರಾಯರಿಗೆ ಅಡ್ಡ ನಿಂತ. ಅಷ್ಟು ಸಾಕಾಗಿತ್ತು.

ಅಕ್ಕ ಮಾರನೆಯ ದಿನವೇ ಟೀಚರಮ್ಮನನ್ನು ತನ್ನ ಆಸ್ಪತ್ರೆಯ ಚರ್ಮದ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಹಣ್ಣಿನ ಹೆಸರು ಕೇಳುತ್ತಲೇ ಡಾಕ್ಟರಿಗೆ ಗೊತ್ತಾಯಿತು. ನಿಂಬೆರಸ ಹಚ್ಚಿದ ಚರ್ಮ ಬಿಸಿಲಿಗೆ ಸುಡುತ್ತದೆ, ಕಲೆ ಹೋಗಲು ತಿಂಗಳುಗಳೇ ಬೇಕು ಎಂದರು. ಬಂದವಳೇ ಅಕ್ಕ ಒಂದು ಚೀಲ ಹಿಡಿದು ಮನೆಮನೆಗೆ ಹೋಗಿ ಡಬ್ಬಿಗಳನ್ನು ವಾಪಸ್ ಕೇಳಿದಳು. ನಾನೂ ಜೊತೆಗೆ ಹೋಗಿದ್ದೆ. ಮೂರನೆಯ ಮಹಡಿಯ ಅಜ್ಜಿ ಡಬ್ಬಿ ಕೊಡುತ್ತಾ ಕನಿಕರದಿಂದ, “ಪರವಾಗಿಲ್ಲ ಬಿಡಮ್ಮ, ನೀನು ಅಳತೆ ತಪ್ಪಿ ನಿಂಬೆ ಹಾಕ್ಬಿಟ್ಟೆಯಂತೆ, ನಿಮ್ಮೆಜಮಾನ್ರು ಹೇಳಿದ್ರು” ಎಂದಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ನಾವು ಮೆಟ್ಟಿಲು ಹತ್ತುವುದಕ್ಕಿಂತ ಮುಂಚೆ ಅವನ ಬಾಯಿ ಹತ್ತಿತ್ತು.

ಅಕ್ಕ ಅಳಲಿಲ್ಲ, ಕೂಗಾಡಲಿಲ್ಲ. ನೇರ ಕೆಳಗಿಳಿದು, ಭಾವನ ಕೈಯಲ್ಲಿದ್ದ ಗಾಜು ಕೊಯ್ಯುವ ಕಟರ್ ತೆಗೆದು ಪಕ್ಕಕ್ಕಿಟ್ಟು, “ನಡೀರಿ” ಎಂದಳು. ಅವನು ನಡೆದ. ಹೆಂಡತಿ ಆ ಸ್ವರದಲ್ಲಿ ಮಾತಾಡಿದ್ದನ್ನು ಅವನೂ ಮೊದಲ ಸಲ ಕೇಳಿದ್ದ. ಒಂದೊಂದು ಮನೆಯ ಬಾಗಿಲಲ್ಲೂ ನಿಲ್ಲಿಸಿ, ನಿಂಬೆ ಹಿಂಡಿದ್ದು ಯಾರೆಂದು ಅವನ ಬಾಯಿಂದಲೇ ಹೇಳಿಸಿದಳು. ಪ್ರತಿ ಬಾಗಿಲಿಗೂ ಅವನ ದನಿ ಸಣ್ಣದಾಗುತ್ತಾ ಹೋಯಿತು. ಅಜ್ಜಿಯ ಮನೆ ಮುಟ್ಟುವಷ್ಟರಲ್ಲಿ ಸೊಳ್ಳೆ ಹಾಡಿದಂತಿತ್ತು.

ಕೊನೆಗೆ ಟೀಚರಮ್ಮನ ಮನೆ.

“ತಪ್ಪಾಗಿದ್ರೆ ಕ್ಷಮಿಸಿ” ಎಂದ ಭಾವ, ಹೊಸಿಲು ನೋಡುತ್ತಾ.

“ಆಗಿದ್ರೆ ಅಲ್ಲ, ಆಗಿದೆ” ಎಂದು ಟೀಚರಮ್ಮ, ಮಕ್ಕಳ ಕಾಗುಣಿತ ತಿದ್ದುವ ಹಾಗೆ ತಿದ್ದಿದರು. “ಮತ್ತೆ ಹೇಳಿ.”

“ತಪ್ಪಾಗಿದೆ. ಕ್ಷಮಿಸಿ.”

ಅವರು ಕ್ಷಮಿಸಲಿಲ್ಲ. ಬಾಗಿಲು ಹಾಕಿಕೊಂಡರು. ಸರಿಯಾಗೇ ಮಾಡಿದರು.

ಅವರ ಕಲೆ ಮಾಸಲು ಏಳು ತಿಂಗಳು ಹಿಡಿಯಿತು. ಅಕ್ಕ ಈಗಲೂ ಮುಲಾಮು ಮಾಡುತ್ತಾಳೆ, ಲಾಂಡ್ರಿಯವರಿಗೆ ಮಾತ್ರ. ಒಲೆ ಹತ್ತಿಸುವ ಮೊದಲು ಅಡುಗೆಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾಳೆ. ಭಾವ ಒಂದು ತಿಂಗಳು ತಲೆ ಬಗ್ಗಿಸಿ ಕಟ್ಟು ಹಾಕಿದ. ಈಗ ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆದರೆ ಕಣ್ಣಿನ ಪೊರೆ ಹೋಗುತ್ತದೆಂದು ಗಿರಾಕಿಗಳಿಗೆ ಬೋಧಿಸುತ್ತಾನೆ. ಹೇಳುವಾಗ ಅವನ ಕಾಲಲ್ಲಿ ದಪ್ಪ ಅಡಿಯ ಚಪ್ಪಲಿ ಇರುತ್ತದೆ.

“ಹೇಗೆ ಬಾಳ್ತೀಯೇ ಅಕ್ಕ, ಇವರ ಜೊತೆ?” ಎಂದು ಕೇಳಿದೆ.

ಅಕ್ಕ ಚಮಚದ ಮೇಲಿನ ಹನಿಯನ್ನು ಉಗುರಿನಿಂದ ಒತ್ತಿ ನೋಡುತ್ತಿದ್ದಳು. “ಹುಲ್ಲಿನ ಮೇಲೆ ನಡೆದ್ರೆ ಯಾರಿಗೂ ಬೊಬ್ಬೆ ಬರಲ್ಲ, ಬಿಡು” ಎಂದಳು.

ನಾನು ಅವಳಷ್ಟು ದೊಡ್ಡ ಮನಸ್ಸಿನವಳಲ್ಲ. ಈ ಸಲ ಹೋದಾಗಲೂ ‘ಚೆನ್ನಾಗಿದೀರಾ ಭಾವ?’ ಎಂದು ಕೇಳಿದೆ. ಉತ್ತರಕ್ಕೆ ಕಾಯದೆ ಒಳಗೆ ಹೋದೆ.