ಕದರಪ್ಪ ಅದುಮಿದ ಗುಂಡಿ

ಮಧುಗಿರಿಯ ಬಸ್ ಸ್ಟ್ಯಾಂಡಿನ ಹಿಂದೆ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಕದರಪ್ಪನಿಗೆ ಒಂದು ವಿಚಿತ್ರ ಚಾಳಿ ಇತ್ತು. ರಿಪೇರಿಯಾದ ರೇಡಿಯೋವನ್ನು ಹಾಗೇ ಗಿರಾಕಿಯ ಕೈಗೆ ಕೊಡುತ್ತಿರಲಿಲ್ಲ. ಅದು ಹಾಡುತ್ತಿರುವಾಗಲೇ ಎರಡೂ ಕೈಯಲ್ಲಿ ಹಿಡಿದು, ಹುಣಸೆ ಕೊಂಬೆ ಕುಲುಕುವ ಹಾಗೆ ಕುಲುಕುತ್ತಿದ್ದ. ಹಾಡು ನಿಲ್ಲದಿದ್ದರೆ ಮಾತ್ರ ಕೊಡುತ್ತಿದ್ದ. "ನಮ್ ರೇಡಿಯೋ ಗೂಡ್ನಾಗೆ ಕುಂತಿರ್ತೈತೆ ಕಣಯ್ಯ, ಕುಣಿಯಾಕೆ ಹೋಗಾಕಿಲ್ಲ" ಎಂದು ಜನ ರೇಗಿಸುತ್ತಿದ್ದರು. ಅವನು ನಗುತ್ತಿರಲಿಲ್ಲ. ನಮ್ಮ ಕಡೆ ಒಬ್ಬ ನಗಲಿಲ್ಲ ಎಂದರೆ ಅವನಿಗೆ ಜಂಬ ಎಂದೇ ಲೆಕ್ಕ. ಬೇರೆ ಕಾರಣವಿದ್ದೀತು ಎಂದು ಯೋಚಿಸುವಷ್ಟು ಪುರುಸೊತ್ತು ಯಾರಿಗಿದೆ.

ಕಾರಣ ಮಿಡಿಗೇಶಿಯ ತಿಮ್ಮರಾಯಪ್ಪನವರು. ಬೆಂಗಳೂರಿನ ವಿಮಾನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದು, ಎಪ್ಪತ್ತೆಂಟನೇ ಇಸವಿಯಲ್ಲಿ ನಿವೃತ್ತರಾಗಿ ಊರಿಗೆ ಬಂದವರು. ಬರುವಾಗ ಒಂದು ಆಟದ ವಿಮಾನವನ್ನೂ ತಂದರು. ಆಟದ್ದು ಎಂದರೆ ಮಕ್ಕಳದ್ದಲ್ಲ. ಹಗುರ ಮರದ ಮೈ, ಮಾರುದ್ದದ ರೆಕ್ಕೆ, ಮೂತಿಯಲ್ಲಿ ಮುಷ್ಟಿಗಾತ್ರದ ಎಂಜಿನ್ನು. ನೆಲದ ಮೇಲೆ ನಿಂತು ಕೈಯಲ್ಲಿನ ಪೆಟ್ಟಿಗೆಯ ಎರಡು ಕಡ್ಡಿಗಳನ್ನು ಹೆಬ್ಬೆರಳಿನಿಂದ ಆಡಿಸಿದರೆ, ಅದು ಆಕಾಶದಲ್ಲಿ ಹೇಳಿದ ಮಾತು ಕೇಳುತ್ತಿತ್ತು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಕೆರೆಯಂಗಳದಲ್ಲಿ ಹಾರಿಸುತ್ತಿದ್ದರು. ಕುರಿ ಕಾಯುವವರೂ ಕುರಿ ಮರೆತು ನೋಡುತ್ತಿದ್ದರು.

ಎಂಬತ್ತರ ಬೇಸಿಗೆಯ ಹೊತ್ತಿಗೆ ಅವರ ಮನೆಯಲ್ಲಿ ಒಂದು ಜಗಳ ಶುರುವಾಯಿತು. ಗಂಡನ ಲೋಟದಿಂದ ಕಾಫಿ ತುಳುಕುವುದನ್ನು ಹೆಂಡತಿ ಚಿಕ್ಕಲಕ್ಷ್ಮಮ್ಮ ನೋಡಿದ್ದರು. ಕೈ ನಡುಗುತ್ತಿದೆ, ವಿಮಾನ ಯಾರ ತಲೆಯ ಮೇಲಾದರೂ ಬಿದ್ದೀತು, ಇನ್ನು ಸಾಕು ಎನ್ನುವುದು ಅವರ ವಾದ. ಲೋಟ ಬಿಸಿಯಿತ್ತು ಎನ್ನುವುದು ಇವರ ವಾದ. ಕೊನೆಗೆ ತಿಮ್ಮರಾಯಪ್ಪನವರೇ ಪಂದ್ಯ ಕಟ್ಟಿದರು. ಭಾನುವಾರ ಹಾರಿಸುವುದು, ನೆಟ್ಟಗೆ ಇಳಿಸಿದರೆ ಹೆಂಡತಿ ಮತ್ತೆ ಕೈ ವಿಷಯ ಎತ್ತಬಾರದು, ಇಳಿಸದಿದ್ದರೆ ತಾವು ಮತ್ತೆ ಪೆಟ್ಟಿಗೆ ಮುಟ್ಟುವುದಿಲ್ಲ.

ಇದನ್ನೆಲ್ಲ ಅವರೇ ಕದರಪ್ಪನ ಅಂಗಡಿಯಲ್ಲಿ ಕೂತು ನಗುತ್ತಾ ಹೇಳಿದರು. ಬಂದದ್ದು ಕನೆಕ್ಟರಿನ ಕೆಲಸಕ್ಕೆ. ವಿಮಾನದ ಹೊಟ್ಟೆಯೊಳಗಿನ ಬ್ಯಾಟರಿಯನ್ನು, ಪೆಟ್ಟಿಗೆಯ ಮಾತು ಕೇಳಿಸಿಕೊಳ್ಳುವ ರೇಡಿಯೋಗೆ ಸೇರಿಸುವ ಕನೆಕ್ಟರಿನ ಪಿನ್ನು ಸಡಿಲವಾಗಿತ್ತು. ಕದರಪ್ಪ ತನ್ನ ತಗಡಿನ ಡಬ್ಬಿಯನ್ನು ಮೇಜಿನ ಮೇಲೆ ಸುರಿದ. ಇಯರ್‌ಫೋನಿನ ಗುಂಡು ಪಿನ್ನು, ಟೇಪ್ ರೆಕಾರ್ಡರಿನ ಎರಡು ಕಾಲಿನ ಪಿನ್ನು, ಚೌಕದ ಬ್ಯಾಟರಿಗೆ ಹಾಕುವ, ರವಿಕೆಯ ಟಿಚ್ ಗುಂಡಿಯಂಥ ಕ್ಯಾಪುಗಳು.

ತಿಮ್ಮರಾಯಪ್ಪನವರು ಒಂದೊಂದನ್ನೂ ಜೋಡಿಸಿ, ವೈರು ಹಿಡಿದು ನೇತುಬಿಟ್ಟು ಕುಲುಕಿದರು. "ಇದು ತಿರುಗಾಮುರುಗಾ ಕೂತ್ಕಂತೈತೆ, ಪ್ಲಸ್ಸು ಮೈನಸ್ಸು ಅದಲುಬದಲಾದ್ರೆ ರೇಡಿಯೋ ಸುಟ್ಟೋಯ್ತದೆ. ಈ ಗುಂಡಿ ಕ್ಯಾಪು ಗೂಡ್ನಾಗಿರೋ ರೇಡಿಯೋಗೆ ಸರಿ. ಎಂಜಿನ್ ಅದುರೋ ಕಡೆ ನಿಲ್ಲಾಕಿಲ್ಲ ಕಣಯ್ಯ." ಆಮೇಲೆ ಜೇಬಿನಿಂದ ಬೆಂಕಿಪೊಟ್ಟಣ ತೆಗೆದರು. ಒಳಗೆ ಹತ್ತಿಯಲ್ಲಿ ಸುತ್ತಿದ ಒಂದು ಜೊತೆ ಕೆಂಪು ಕನೆಕ್ಟರ್. ಒಂದೇ ದಿಕ್ಕಿನಲ್ಲಿ ಕೂರುವಂಥದ್ದು, ಎಳೆದರೂ ಸುಲಭಕ್ಕೆ ಬಿಡದಂಥದ್ದು. ಸ್ನೇಹಿತರೊಬ್ಬರು ಹೊರದೇಶದಿಂದ ತಂದುಕೊಟ್ಟದ್ದಂತೆ. "ಇರೋದು ಇದೊಂದೇ ಜೊತೆ. ಬೆಸುಗೆ ನನ್ನ ಕೈಲಿ ಆಗಾಕಿಲ್ಲ, ನೀನೇ ಹಾಕು. ನಿನ್ ಕೈಯಿ ಕಲ್ಲಿದ್ದಂಗೈತೆ."

ಆ ಮಾತಿಗೆ ಕದರಪ್ಪ ಉಬ್ಬಿಹೋದ. ಉಬ್ಬಿದವನ ಕೈ ಮರುದಿನ ಕೆಟ್ಟಿತು. ಅವನ ಬೆಸುಗೆಯ ಕಬ್ಬಿಣ ಹಳೇ ವಾಲ್ವ್ ರೇಡಿಯೋಗಳ ಕಾಲದ್ದು, ಮೂತಿ ಹೆಬ್ಬೆರಳಷ್ಟು ದಪ್ಪ. ಎರಡನೇ ಪಿನ್ನಿಗೆ ಇಡುತ್ತಿದ್ದಂತೆ ಕೆಂಪು ಪ್ಲಾಸ್ಟಿಕ್ಕು ಮೇಣದ ಹಾಗೆ ಕುಸಿದು, ಪಿನ್ನುಗಳು ಓರೆಯಾದವು.

ಬಾಯಿಬಿಟ್ಟು ಹೇಳಿದ್ದರೆ ತಿಮ್ಮರಾಯಪ್ಪನವರು ಏನೂ ಅನ್ನುತ್ತಿರಲಿಲ್ಲ. ಹೆಚ್ಚೆಂದರೆ ಭಾನುವಾರ ಮುಂದಕ್ಕೆ ಹೋಗುತ್ತಿತ್ತು. ಆದರೆ ಸಕಲ ರೇಡಿಯೋ ರಿಪೇರಿ ಎಂದು ಬೋರ್ಡು ಬರೆಸಿಕೊಂಡವನಿಗೆ ನಾಲಗೆ ಏಳಲಿಲ್ಲ. ಎರಡು ಗುಂಡಿ ಕ್ಯಾಪುಗಳನ್ನು ಎದುರುಬದುರಾಗಿ ಒತ್ತಿ, ವೈರಿಗೆ ಬೆಸೆದು, ಮೇಲೆ ಕಪ್ಪು ಟೇಪು ಸುತ್ತಿಬಿಟ್ಟ. ಹದಿನೈದು ವರ್ಷದಿಂದ ಸಾವಿರ ರೇಡಿಯೋಗೆ ಹಾಕಿದ್ದೇನೆ, ಒಂದೂ ಬಿಟ್ಟಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಆ ಸಾವಿರವೂ ಗೂಡಿನಲ್ಲಿ ಕೂತಿದ್ದವು ಎಂಬುದು ಅವನಿಗೂ ಗೊತ್ತಿತ್ತು.

"ಕೆಂಪದೇ ತಾನೆ?" ಎಂದು ಕೇಳಿದರು ತಿಮ್ಮರಾಯಪ್ಪನವರು.

"ಊಂ ಕಣಣ್ಣ. ಧೂಳು ಕೂತ್ಕಂಬಾರ್ದು ಅಂತ ಟೇಪು ಸುತ್ತಿವ್ನಿ."

ಅವರು ವೈರು ಹಿಡಿದು ಒಂದು ಸಲ ಕುಲುಕಿದರು. ಹೊಸ ಟೇಪು, ಬಿಡಲಿಲ್ಲ.

ಭಾನುವಾರ ಬಿಸಿಲು ಚುರುಗುಟ್ಟುತ್ತಿತ್ತು. ಚಿಕ್ಕಲಕ್ಷ್ಮಮ್ಮ ತಲೆಯ ಮೇಲೆ ಸೆರಗು ಹೊದ್ದು ಕೆರೆ ಏರಿಯ ಮೇಲೆ ಕೂತಿದ್ದರು. ಕದರಪ್ಪನೂ ನೋಡಲು ಬಂದಿದ್ದ. ವಿಮಾನ ಚೆನ್ನಾಗಿಯೇ ಎದ್ದಿತು. ಎರಡು ಸುತ್ತು ಹೊಡೆಯಿತು. ಮೂರನೆಯದರಲ್ಲಿ ತಿರುಗಬೇಕಾದ ಕಡೆ ತಿರುಗದೆ, ಮುನಿಸಿಕೊಂಡು ಮನೆ ಬಿಟ್ಟು ಹೊರಟವರ ಹಾಗೆ ನೇರ ಹೋಗಿ, ಏರಿಯಾಚೆಯ ಬಂಡೆಗೆ ಬಡಿಯಿತು.

ವಯಸ್ಸಿನಲ್ಲಿ ಚಿಕ್ಕವನಾದ ಕದರಪ್ಪನೇ ಮೊದಲು ಓಡಿದ. ರೆಕ್ಕೆ ಎರಡು ತುಂಡಾಗಿತ್ತು. ಒಡೆದ ಹೊಟ್ಟೆಯೊಳಗೆ, ಬಿಸಿಲಿಗೆ ಅಂಟು ಕರಗಿ ಟೇಪು ಸುರುಳಿ ಬಿಚ್ಚಿಕೊಂಡಿತ್ತು. ಕ್ಯಾಪುಗಳು ಬೇರೆ ಬೇರೆಯಾಗಿ ಬಿದ್ದಿದ್ದವು. ಹಿಂದಿನಿಂದ ತಿಮ್ಮರಾಯಪ್ಪನವರ ಏದುಸಿರು ಕೇಳುತ್ತಿತ್ತು. ಕದರಪ್ಪ ಬಗ್ಗಿ ಎರಡು ಗುಂಡಿಗಳನ್ನೂ ಸೇರಿಸಿ ಅದುಮಿದ. ಟಿಕ್ ಎಂದಿತು. ಟೇಪನ್ನು ಮತ್ತೆ ಎಳೆದು ಸುತ್ತಿದ. ಯೋಚಿಸಿ ಮಾಡಿದ್ದಲ್ಲ, ಕೈ ತಾನಾಗಿ ಹೋಯಿತು ಎಂದು ಅವನು ಆಮೇಲೆ ಎಷ್ಟೋ ಸಲ ಅಂದುಕೊಂಡ. ನನಗಂತೂ ನಂಬಿಕೆ ಇಲ್ಲ, ಅವನಿಗೂ ಇರಲಿಲ್ಲ.

ತಿಮ್ಮರಾಯಪ್ಪನವರು ಬಂದು ಪೆಟ್ಟಿಗೆಯ ಕಡ್ಡಿ ಆಡಿಸಿದರು. ಮುರಿದು ಬಿದ್ದ ಬಾಲದ ಚುಕ್ಕಾಣಿ ವಿಧೇಯವಾಗಿ ಎಡಕ್ಕೆ, ಬಲಕ್ಕೆ ಅಲುಗಿತು.

"ರೇಡಿಯೋ ಸರಿಗೈತೆ," ಎಂದರು ಅವರು. "ನಿನ್ ಕೆಲಸ ಸರಿಗೈತೆ ಕದರಪ್ಪ." ಆಮೇಲೆ ತಮ್ಮ ಎರಡು ಹೆಬ್ಬೆರಳುಗಳನ್ನು ನೋಡಿಕೊಂಡರು. ಕದರಪ್ಪ ಬಗ್ಗಿ ರೆಕ್ಕೆಯ ತುಂಡುಗಳನ್ನು ಆಯತೊಡಗಿದ.

ತಿಮ್ಮರಾಯಪ್ಪನವರು ಮಾತಿಗೆ ತಪ್ಪಿದವರಲ್ಲ. ವಾರದೊಳಗೆ ಪೆಟ್ಟಿಗೆ ಕದರಪ್ಪನ ಅಂಗಡಿಗೆ ಬಂತು, ಒಳ್ಳೇ ಕೆಲಸಗಾರನ ಹತ್ತಿರ ಇರಲಿ ಎಂಬ ಮಾತಿನೊಂದಿಗೆ. ಸೈಕಲ್ಲನ್ನು ಭಾವಮೈದುನನಿಗೆ ಕೊಟ್ಟರು. ಗಡ್ಡಕ್ಕೆ ಕ್ಷೌರದವನನ್ನು ಕರೆಸತೊಡಗಿದರು. ಕದರಪ್ಪನ ಹೆಂಡತಿಯ ತವರು ಪಾವಗಡ. ಆ ಬಸ್ಸು ಮಿಡಿಗೇಶಿಯಲ್ಲಿ ನಿಂತಾಗಲೆಲ್ಲ ಅವನು ಸೀಟಿನಡಿ ಬಗ್ಗಿ ಇಲ್ಲದ ಚಪ್ಪಲಿ ಹುಡುಕುತ್ತಿದ್ದ. ರೇಡಿಯೋ ಕುಲುಕುವ ಚಾಳಿ ಹತ್ತಿದ್ದು ಆಗಲೇ. ಎಷ್ಟು ಕುಲುಕಿದರೂ ಆ ಒಂದು ಟಿಕ್ ಮಾತ್ರ ಕಿವಿಯಿಂದ ಹೋಗಲಿಲ್ಲ.

ಏಳು ವರ್ಷ ಹೀಗೇ ಕಳೆಯಿತು. ಒಂದು ಸೋಮವಾರ ಚಿಕ್ಕಲಕ್ಷ್ಮಮ್ಮ ಅಂಗಡಿಗೆ ರೇಡಿಯೋ ತಂದರು. ಸದ್ದು ಕರಕರ ಎನ್ನುತ್ತಿತ್ತು, ಅಷ್ಟೇ. ಅವನು ಸರಿಮಾಡುತ್ತಿರುವಾಗ ಅವರು ಸುಮ್ಮನೆ ಮಾತಿಗೆ ಎನ್ನುವಂತೆ ಹೇಳಿದರು: "ನಾನು ಹೊಲಕ್ಕೋದ್ರೆ ಇದು ಸುಮ್ಕೆ ಕುಂತಿರ್ತೈತೆ ಕಣಪ್ಪ. ಅವರು ತಿರುವಾಕಿಲ್ಲ. ನನ್ ಕೈ ಸರಿಯಿಲ್ಲ, ಮುರಿದೇನು ಅಂತಾರೆ. ವಾರ್ತೆ ಕೇಳಾಕೂ ನಾನೇ ಬರ್ಬೇಕು."

ಕದರಪ್ಪ ಅಂಗಡಿಗೆ ಬಾಗಿಲು ಹಾಕಿದ. ಪೆಟ್ಟಿಗೆಯನ್ನೂ, ಡಬ್ಬಿಯ ತಳದಲ್ಲಿ ಇಟ್ಟುಕೊಂಡಿದ್ದ ಕರಗಿದ ಕೆಂಪು ಕನೆಕ್ಟರನ್ನೂ ಚೀಲಕ್ಕೆ ಹಾಕಿಕೊಂಡು ಅವರ ಜೊತೆಯೇ ಬಸ್ಸು ಹತ್ತಿದ. ಮಿಡಿಗೇಶಿಯಲ್ಲಿ ಚಪ್ಪಲಿ ಹುಡುಕಲಿಲ್ಲ, ಇಳಿದ.

ತಿಮ್ಮರಾಯಪ್ಪನವರು ಜಗಲಿಯ ಮೇಲಿದ್ದರು. ಕದರಪ್ಪ ಕೂರದೆ, ಪೆಟ್ಟಿಗೆಯನ್ನೂ ಕನೆಕ್ಟರನ್ನೂ ಅವರ ಮುಂದಿಟ್ಟು, ಟೇಪಿನಿಂದ ಹಿಡಿದು ಗುಂಡಿ ಅದುಮಿದ್ದರವರೆಗೆ ಒಂದೂ ಬಿಡದೆ ಹೇಳಿದ. ಬೈಗುಳಕ್ಕೆ ತಲೆ ತಗ್ಗಿಸಿ ನಿಂತ. ಒಂದು ಏಟು ಬಿದ್ದರೂ ಸರಿ ಎನಿಸಿತ್ತು.

ಅವರು ಕನೆಕ್ಟರಿನತ್ತ ನೋಡಲೇ ಇಲ್ಲ. ಕೇಳಿದರು: "ಅಂಗಾದ್ರೆ ಆವತ್ತು ನನ್ ಕೈ ನಡುಗ್ಲಿಲ್ಲ?"

"ಇಲ್ಲ ಕಣಣ್ಣ. ನೀವು ಸರಿಯಾಗೇ ತಿರುಗ್ಸಿದ್ರಿ. ವಿಮಾನಕ್ಕೆ ಕೇಳುಸ್ಲಿಲ್ಲ."

"ತಾಳು," ಎಂದು ಅವರು ಒಳಮನೆಯ ಕಡೆ ತಿರುಗಿ ಹೆಂಡತಿಯನ್ನು ಕರೆದರು. ಚಿಕ್ಕಲಕ್ಷ್ಮಮ್ಮ ಬಾಗಿಲಿಗೆ ಬಂದು ನಿಂತರು. "ಇವಳ ಮುಂದೆ ಇನ್ನೊಂದ್ಸಲ ಹೇಳಪ್ಪ."

ಕದರಪ್ಪ ಇನ್ನೊಂದು ಸಲ ಹೇಳಿದ. ಎರಡನೇ ಸಲ ಅವನಿಗೆ ಅಳು ತಡೆಯಲಾಗಲಿಲ್ಲ.

ತಿಮ್ಮರಾಯಪ್ಪನವರು ಎರಡೂ ಕೈಗಳನ್ನು ಹೆಂಡತಿಯ ಕಡೆಗೆ ಚಾಚಿದರು. ಆ ಕೈಗಳು ಈಗ ನಿಜವಾಗಿಯೂ ನಡುಗುತ್ತಿದ್ದವು, ಮೊಳಕೈವರೆಗೂ.

"ಆವತ್ತು ಇವು ಸರಿಯಾಗಿದ್ವಂತೆ ಕಣೇ," ಎಂದರು.